ಕೊಟೇಶನ್ ರಾಯರು

ಮೈಸೂರಿನ ಕುವೆಂಪುನಗರದಲ್ಲಿ ಬೆಳಗ್ಗೆ ವಾಕಿಂಗ್ ಹೊರಟರೆ ಒಬ್ಬರಾದರೂ ಕೊಟೇಶನ್ ರಾಯರು ಎದುರಾಗುತ್ತಾರೆ. ಅಡ್ಡರಸ್ತೆಗೆ ಒಬ್ಬರಂತೆ ಇದ್ದಾರೆ. ಮಿಕ್ಸಿ ಜಾರಿಗೆ ಬ್ಲೇಡ್ ಹಾಕಿಸುವುದಿರಲಿ, ಮದುವೆಗೆ ಛತ್ರ ಹಿಡಿಯುವುದಿರಲಿ, ಮೂರು ಕಡೆ ವಿಚಾರಿಸದೆ ಜೇಬಿಗೆ ಕೈ ಹಾಕುವವರಲ್ಲ. ವಿಚಾರಿಸಿದ್ದನ್ನು ಹಳೆಯ ಡೈರಿಯಲ್ಲಿ ಕಾಲಂ ಎಳೆದು ಬರೆಯುತ್ತಾರೆ. ಕೊನೆಗೆ ಕೊಳ್ಳುವುದು ಮೊದಲು ಕೇಳಿದ ಅಂಗಡಿಯಲ್ಲೇ. ಆದರೂ ಆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ.

ಬ್ಯಾಂಕಿನಿಂದ ವಿಆರ್‌ಎಸ್ ತೆಗೆದುಕೊಂಡ ಇಂಥ ರಾಯರೊಬ್ಬರ ಮಗನಿಗೆ ಹದಿನೇಳು ತುಂಬಿತು. ಮನೆಯಲ್ಲಿ ಒಂಬತ್ತು ವರ್ಷದ ಸ್ವಿಫ್ಟ್ ಇತ್ತು. 'ಲೇಔಟ್ ಒಳಗೇ ಒಂದು ರೌಂಡ್ ಅಪ್ಪಾ' ಎಂದ ಹುಡುಗ. ರಾಯರು ತಟ್ಟೆ ಪಕ್ಕಕ್ಕೆ ಸರಿಸಿ, ಮೊಬೈಲಿನಲ್ಲಿ ಮೋಟಾರು ವಾಹನ ಕಾಯ್ದೆಯ 199ಎ ಸೆಕ್ಷನ್ ತೆಗೆದು ಓದಿದರು. 2019ರ ತಿದ್ದುಪಡಿಯಲ್ಲಿ ಬಂದದ್ದು. ಅಪ್ರಾಪ್ತರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೋ ಮಾಲೀಕರಿಗೋ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಓಡಿಸಿದ ಮಹಾನುಭಾವನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ.

'ಮೂರು ವರ್ಷ ನೀವಿರಲ್ಲ ಅಂದ್ರೆ ಹಾಲು ಅರ್ಧ ಲೀಟರ್ ಸಾಕಲ್ವಾ?' ಎಂದ ಹೆಂಡತಿ ಉತ್ತರಕ್ಕೆ ಕಾಯದೆ ಸಾರು ಬಡಿಸಿದರು.

ಹದಿನೆಂಟು ತುಂಬಿದ ವಾರದಲ್ಲೇ ಹುಡುಗನಿಗೆ ಎಲ್‌ಎಲ್‌ಆರ್ ಬಂತು. ಕಾರಿನ ಪಾಲಿಸಿ ಮುಗಿಯಲು ಎರಡು ತಿಂಗಳಿತ್ತು. ರಾಯರಿಗೆ ಅಷ್ಟು ಸಮಯ ಸಾಲದು, ಆದರೂ ಹೊಸ ಡೈರಿ ತೆಗೆದರು.

ಮೊದಲು ಕೈಗೆತ್ತಿಕೊಂಡದ್ದು ಥರ್ಡ್ ಪಾರ್ಟಿ. ನಮ್ಮ ಕಾರಿನಿಂದ ರಸ್ತೆಯ ಇನ್ನೊಬ್ಬರಿಗೆ ಏಟಾದರೆ ಪರಿಹಾರ ಕೊಡುವ ಭಾಗ, ಕಾನೂನಿನಲ್ಲಿ ಕಡ್ಡಾಯ. ಏಳು ಕಂಪನಿಗೆ ಫೋನು ಮಾಡಿದರು. ಏಳೂ ಕಡೆ 3,416 ರೂಪಾಯಿ, ಜಿಎಸ್‌ಟಿ ಬೇರೆ. ಇವರೆಲ್ಲ ಒಳಗೊಳಗೇ ಮಾತಾಡಿಕೊಂಡಿದ್ದಾರೆ ಎಂದು ರಾಯರಿಗೆ ಖಾತ್ರಿಯಾಯಿತು.

'ಸಾರ್, ಅದು ಸರ್ಕಾರ ಗೊತ್ತು ಮಾಡಿದ ರೇಟು,' ಎಂದ ಏಜೆಂಟ್ ಹುಡುಗ. '2022ರ ಜೂನ್‌ನಲ್ಲಿ ಬಂದದ್ದು. 1,000 ಸಿಸಿವರೆಗೆ 2,094, 1,500 ಸಿಸಿವರೆಗೆ 3,416, ಅದರ ಮೇಲೆ 7,897. ಯಾರ ಹತ್ತಿರ ಹೋದರೂ ಅಷ್ಟೇ.'

ಏಳು ಕಾಲಂ ಎಳೆದು ಕೂತವರಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ?

ಆನ್‌ಲೈನ್ ಫಾರಂ ತೆರೆದಾಗ ಎರಡನೇ ಪೆಟ್ಟು. ಎಂಜಿನ್ ಎಷ್ಟು ಸಿಸಿ, ಯಾವ ಊರಿನ ನೋಂದಣಿ, ಯಾವ ವರ್ಷದ್ದು, ಹಿಂದೆ ಕ್ಲೇಮ್ ಆಗಿತ್ತೇ ಎಂದೆಲ್ಲ ಕೇಳಿತ್ತು. ಓಡಿಸುವ ಹುಡುಗನ ಸುದ್ದಿಯೇ ಇಲ್ಲ.

'ಮಗ ಓಡಿಸ್ತಾನೆ ಅಂತ ಎಲ್ಲಿ ಬರೀಲಿ?'

'ಎಲ್ಲೂ ಬೇಡ ಸಾರ್. ನಮ್ಮಲ್ಲಿ ಇನ್ಶೂರೆನ್ಸ್ ಗಾಡಿಗೆ. ಲೈಸೆನ್ಸ್ ಇರೋರು ಯಾರು ಓಡಿಸಿದರೂ ನಡೆಯುತ್ತೆ. ಎಲ್‌ಎಲ್‌ಆರ್ ಇರೋನಾದರೆ ಹಿಂದೆ ಮುಂದೆ ಎಲ್ ಬೋರ್ಡ್ ಇರಬೇಕು, ಪಕ್ಕದಲ್ಲಿ ಲೈಸೆನ್ಸ್ ಇರೋರು ಕೂತಿರಬೇಕು.'

'ಹದಿನೆಂಟಕ್ಕೂ ಐವತ್ತೆರಡಕ್ಕೂ ಒಂದೇ ರೇಟಾ?'

'ಒಂದೇ ಸಾರ್.'

ಬೇರೆಯವರಾದರೆ ಕುಣಿಯುತ್ತಿದ್ದರು. ರಾಯರಿಗೆ ಬೇಸರವಾಯಿತು. ಮೂವತ್ತು ವರ್ಷದಿಂದ ಒಂದು ಗೀರೂ ಬೀಳದಂತೆ ಓಡಿಸಿದ ತಾವೂ, ಗೇರು ಬದಲಿಸುವಾಗ ರಸ್ತೆ ಬಿಟ್ಟು ಗೇರನ್ನೇ ನೋಡುವ ಮಗನೂ ಒಂದೇ ತಕ್ಕಡಿಯಲ್ಲಿ!

ಭಾನುವಾರ ಡಲ್ಲಾಸ್‌ನಿಂದ ತಂಗಿಯ ಫೋನು ಬಂದಾಗ ಬೇಸರ ಇನ್ನಷ್ಟು ಹೆಚ್ಚಿತು. ಅಲ್ಲಿ ಟೆಕ್ಸಾಸ್‌ನಲ್ಲಿ ಹದಿನಾರಕ್ಕೇ ಲೈಸೆನ್ಸ್. ಆದರೆ ಕಂಪನಿಯವರು ಮನೆಯಲ್ಲಿ ಗಾಡಿ ಓಡಿಸುವ ಪ್ರತಿಯೊಬ್ಬರ ಹೆಸರೂ ಕೇಳುತ್ತಾರೆ. ಹದಿಹರೆಯದ ಹೆಸರೊಂದು ಸೇರಿದರೆ ಪ್ರೀಮಿಯಂ ಗಗನಕ್ಕೆ. ಭಾವನವರಿಗೆ ಎರಡು ದಿನ ಊಟ ಸೇರಲಿಲ್ಲವಂತೆ. ಒಂದೇ ಸಮಾಧಾನ, ಶಾಲೆಯಲ್ಲಿ 'ಬಿ' ಗ್ರೇಡಿಗೆ ಕಡಿಮೆಯಿಲ್ಲದೆ ಓದುವ ಮಕ್ಕಳಿಗೆ ಅನೇಕ ಕಂಪನಿಗಳು ರಿಯಾಯಿತಿ ಕೊಡುತ್ತವೆ.

ರಾಯರು ಎದ್ದು ಕೂತರು. ಮಗನ 94 ಪರ್ಸೆಂಟಿನ ಮಾರ್ಕ್ಸ್ ಕಾರ್ಡು ಲ್ಯಾಮಿನೇಟ್ ಆಗಿ ಬೀರುವಿನಲ್ಲಿ ಸುಮ್ಮನೆ ಬಿದ್ದಿದೆ. ಸೋಮವಾರವೇ ಏಜೆಂಟನಿಗೆ ಫೋನು: 'ಪಿಯುಸಿ ಸರ್ಟಿಫಿಕೇಟ್ ಕೊಟ್ಟರೆ ಏನಾದರೂ ಕಡಿಮೆ ಆಗುತ್ತಾ?'

'ಕಡಿಮೆ ಆಗಲ್ಲ ಸಾರ್, ಆದರೆ ಗಾಡಿಗೆ ಪಿಯುಸಿ ಬೇಕೇ ಬೇಕು. ಹೊಗೆ ಟೆಸ್ಟ್ ಯಾವಾಗ ಮಾಡಿಸಿದ್ದು?'

ಝೀರೋ ಡೆಪ್ ವಿಷಯ ಬೇಗ ಮುಗಿಯಿತು. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಕಂಪನಿ ಅರ್ಧ ಬೆಲೆಯಷ್ಟೇ ಕೊಡುತ್ತದೆ, ಝೀರೋ ಡೆಪ್ ಇದ್ದರೆ ಆ ಕಡಿತ ಇಲ್ಲ. ಬಂಪರ್ ಎಂಬುದು ಪ್ಲಾಸ್ಟಿಕ್ಕೇ ಆದ್ದರಿಂದ ಹೊಸ ಡ್ರೈವರ್ ಇರುವ ಮನೆಗೆ ಇದು ಬೇಕಾದದ್ದೇ. ಆದರೆ ಅಷ್ಟು ಹಳೆಯ ಕಾರಿಗೆ ಯಾರೂ ಕೊಡಲಿಲ್ಲ. ಹೇಗೆ ಓಡಿಸುತ್ತೀರೋ ಹಾಗೆ ಪ್ರೀಮಿಯಂ ಎನ್ನುವ ಹೊಸ ಬಗೆಯ ಪಾಲಿಸಿಗೂ 2022ರಲ್ಲಿ ಐಆರ್‌ಡಿಎಐ ಒಪ್ಪಿಗೆ ಕೊಟ್ಟಿತ್ತು. ಬ್ರೇಕ್ ಎಷ್ಟು ಜೋರಾಗಿ ಒತ್ತಿದಿರಿ ಎಂಬುದನ್ನೂ ಮೊಬೈಲೋ ಯಂತ್ರವೋ ವರದಿ ಮಾಡುತ್ತದೆ. 'ಮೊದಲು ನಿಮಗೆ ಹಾಕಿಸೋಣ' ಎಂದರು ಹೆಂಡತಿ. ಆ ಪುಟವನ್ನು ರಾಯರು ಡೈರಿಯಿಂದ ಹರಿದರು.

ಅಪಘಾತ ವಿಮೆಯ 15 ಲಕ್ಷ ಮಾತ್ರ ಮನೆಯಲ್ಲಿ ನಿಜವಾದ ಚರ್ಚೆಗೆ ಬಂತು. ಅದು 'ಓನರ್-ಡ್ರೈವರ್'ಗೆ, ಅಂದರೆ ಕಾರಿನ ಮಾಲೀಕರಿಗೆ. ತಾವೇ ಓಡಿಸುವಾಗಲೂ ಉಂಟು, ಪಕ್ಕದಲ್ಲಿ ಕೂತಾಗಲೂ ಉಂಟು. ಸ್ಟೀರಿಂಗ್ ಹಿಡಿದ ಮಗನಿಗೆ ಅದರಲ್ಲಿ ಬಿಡಿಗಾಸೂ ಇಲ್ಲ. 'ಅವನು ಓಡಿಸ್ತಾನೆ, ದುಡ್ಡು ನಿಮಗಾ?' ಎಂದು ಹೆಂಡತಿ ದಿಟ್ಟಿಸಿ ನೋಡಿದ ನೋಟಕ್ಕೆ ಹೆದರಿ, ಮಗನ ಹೆಸರಿನಲ್ಲಿ ಬೇರೆಯೇ ಅಪಘಾತ ಪಾಲಿಸಿ ಮಾಡಿಸಿದರು. ಜೀವಮಾನದಲ್ಲಿ ಮೊದಲ ಸಲ, ಒಂದೇ ಕೊಟೇಶನ್ನಿಗೆ.

ಆಮೇಲೆ ರಿಂಗ್ ರೋಡಿನಲ್ಲಿ ಬೆಳಗಿನ ಪಾಠ. ರಾಯರ ಬಲಗೈ ಹ್ಯಾಂಡ್‌ಬ್ರೇಕ್ ಮೇಲೆ, ಎಡಗೈ ಬಾಗಿಲಿನ ಹಿಡಿಯ ಮೇಲೆ, ಬಲಗಾಲು ಅಲ್ಲಿಲ್ಲದ ಬ್ರೇಕಿನ ಮೇಲೆ. ಇಪ್ಪತ್ತು ದಿನ ಏನೂ ಆಗಲಿಲ್ಲ. ಇಪ್ಪತ್ತೊಂದನೆಯ ದಿನ ರಿವರ್ಸ್‌ನಲ್ಲಿ ಸ್ವಂತ ಮನೆಯ ಗೇಟಿನ ಕಂಬಕ್ಕೆ ಹಿಂದಿನ ಬಂಪರ್ ಉಜ್ಜಿತು. ಗೇಣುದ್ದ ಗೀರು.

ಮಗ ಬೈಗುಳಕ್ಕೆ ಸಿದ್ಧನಾಗಿ ನಿಂತ. ರಾಯರು ಬೈಯಲಿಲ್ಲ, ಡೈರಿ ತಂದರು. ಬಣ್ಣಕ್ಕೆ 4,500. ಕ್ಲೇಮ್ ಹಾಕಿದರೆ ಕಡ್ಡಾಯ ಕಡಿತ 1,000, ಬಣ್ಣದ ಬಾಬ್ತು ಇನ್ನಷ್ಟು ಕಡಿತ. ಕೈಗೆ ಬರುವುದು 2,600 ಅನ್ನಿ. ಇತ್ತ ಕಡೆ, ವರ್ಷಗಟ್ಟಲೆ ಕ್ಲೇಮ್ ಮಾಡದೆ ತಪಸ್ಸಿನಂತೆ ಕೂಡಿಸಿದ 50 ಪರ್ಸೆಂಟ್ ನೋ ಕ್ಲೇಮ್ ಬೋನಸ್ ಸೊನ್ನೆಗೆ ಇಳಿಯುತ್ತದೆ. ಮುಂದಿನ ವರ್ಷವೇ 3,600 ನಷ್ಟ. ಮತ್ತೆ 20, 25, 35, 45 ಎಂದು ಮೆಟ್ಟಿಲು ಹತ್ತಬೇಕು.

'ಇನ್ನೆರಡು ಗೀರು ಆಗಲಿ ಬಿಡು, ಒಟ್ಟಿಗೆ ಹಾಕೋಣ' ಎಂದರು ಏಜೆಂಟನಿಗೆ.

'ಹಾಗಾಗಲ್ಲ ಸಾರ್. ಸರ್ವೇಯರ್ ನೋಡಿದ ತಕ್ಷಣ ಬೇರೆ ಬೇರೆ ದಿನದ್ದು ಅಂತಾರೆ. ಒಂದೊಂದು ಏಟಿಗೂ ಒಂದೊಂದು ಕ್ಲೇಮ್.'

ಅಂತೂ ಎರಡು ತಿಂಗಳು ಅಳೆದು ಸುರಿದು ತಂದ ಪಾಲಿಸಿ, ಬಂದ ಮೊದಲ ಕೆಲಸದಲ್ಲೇ ಬೀರು ಸೇರಿತು.

ಮಗನಿಗೆ ಈಗ ಪಕ್ಕಾ ಲೈಸೆನ್ಸ್ ಬಂದಿದೆ. ಮುಂದಿನ ಗಾಜಿನ ಎಲ್ ಸ್ಟಿಕ್ಕರನ್ನು ಕಿತ್ತದ್ದಾಯಿತು. ಹಿಂದೆ ಮಾತ್ರ ಬಂಪರಿನ ಮೇಲೆ, ಸ್ವಲ್ಪ ಎಡಕ್ಕೆ ವಾಲಿಕೊಂಡು, ಬಿಳಿಯ ಮೇಲೆ ಕೆಂಪಗೆ ದೊಡ್ಡದೊಂದು ಎಲ್ ಕೂತಿದೆ. ರಾಯರೊಬ್ಬರೇ ದೇವರಾಜ ಮಾರ್ಕೆಟ್ಟಿಗೆ ಹೊರಟರೂ ಹಿಂದಿನ ಆಟೊದವರು ಹತ್ತಡಿ ದೂರ ಇರುತ್ತಾರೆ. ಮೊನ್ನೆ ವಾಕಿಂಗ್‌ನಲ್ಲಿ ಯಾರೋ ಕೇಳಿದರು, 'ಗೀರಿತ್ತಲ್ಲ ರಾಯರೇ, ಸರಿ ಮಾಡಿಸೋಕೆ ಎಷ್ಟಾಯ್ತು?'

'ಮೂರು ಅಂಗಡಿ ವಿಚಾರಿಸಿದೆ' ಎಂದರು ರಾಯರು. 'ಇಪ್ಪತ್ತು ರೂಪಾಯಿ.'