ಅಥ ಶಿಶುನಾಮ ಪ್ರಕರಣಂ

ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಒಂಬತ್ತು ಲಿಂಗಗಳನ್ನು ಎಣಿಸಿ ಕೈತೊಳೆದುಕೊಂಡ. ಕೂಸುಗಳಲ್ಲಿ ಎಷ್ಟು ಬಗೆ ಎಂಬುದನ್ನು ಮುಂದಿನವರಿಗೆ ಬಿಟ್ಟ. ಮುಂದಿನವರೂ ಮುಟ್ಟಲಿಲ್ಲ. ಈ ಕೊರತೆ ತುಂಬಲು ಆದೋನಿಗಿಂತ ತಕ್ಕ ಊರು ಸಿಗದು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಹೋಳಾದಾಗ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದ ಪಾಲಾದವು. ಮನೆಮಾತು ಮಾತ್ರ ಇದ್ದಲ್ಲೇ ಇತ್ತು. ಕನ್ನಡ, ತೆಲುಗು, ದಖನಿ ಉರ್ದು ಮೂರೂ ಒಂದೇ ನಲ್ಲಿಯಲ್ಲಿ ಕೊಡ ತುಂಬಿಸಿಕೊಳ್ಳುವ ಓಣಿಗಳಿವು. ಎಲ್‌ಕೆಜಿ ಬಂದ ಮೇಲೆ ಇಂಗ್ಲಿಷೂ ಸರತಿಗೆ ನಿಂತಿದೆ.

ಮೊದಲು ಪೂರ್ವಪಕ್ಷ. ಮಗು ಎಂಬುದು ವಯಸ್ಸಿನ ವಿಚಾರ ಎಂಬುದು ಇಂಗ್ಲಿಷಿನ ವಾದ. ಮಾತು ಬಾರದ್ದು ಇನ್‌ಫಂಟ್. ಲ್ಯಾಟಿನ್ನಿನಲ್ಲಿ ಆ ಪದದ ಅರ್ಥವೇ ಮಾತಾಡದ್ದು ಎಂದು. ತಪ್ಪುಹೆಜ್ಜೆ ಇಡುವುದು ಟಾಡ್ಲರ್. ಆಮೇಲೆ ಚೈಲ್ಡ್, ಸಲಿಗೆಯಿದ್ದರೆ ಕಿಡ್. ಕಿಡ್ ಎಂದರೆ ಮೂಲದಲ್ಲಿ ಮೇಕೆಮರಿ. ನಾವೂ ‘ಬಾರೋ ಮರಿ’ ಅನ್ನುವವರೇ ಆದ್ದರಿಂದ ಇಲ್ಲಿ ತಕರಾರಿಲ್ಲ. ತಕರಾರು ಇರುವುದು ಇನ್‌ಫಂಟಿನ ಬಗ್ಗೆ. ಇಂಗ್ಲೆಂಡಿನ ಕಾನೂನಿನಲ್ಲಿ ಹಿಂದೆ 21 ತುಂಬುವ ತನಕ ಎಲ್ಲರೂ ಇನ್‌ಫಂಟುಗಳೇ. 1969ರ ಕಾಯ್ದೆ ಅದನ್ನು 18ಕ್ಕೆ ಇಳಿಸಿತು. ಅದಕ್ಕೆ ಮುಂಚೆ ಮೀಸೆ ತಿರುವುತ್ತ ಸಾಲಪತ್ರಕ್ಕೆ ರುಜು ಹಾಕಿದ ಇಪ್ಪತ್ತರ ಗಂಡಸು ಕೋರ್ಟಿಗೆ ಬಂದರೆ ಮಾತು ಬಾರದ ಶಿಶು! ವಯಸ್ಸನ್ನೇ ನಂಬಿದ ಭಾಷೆಗೆ ವಯಸ್ಸೇ ಕೈಕೊಟ್ಟಿತು.

ಇನ್ನು ಸಿದ್ಧಾಂತ. ಆದೋನಿಯಲ್ಲಿ ಮಗುವಿನ ವರ್ಗವನ್ನು ನಿರ್ಧರಿಸುವುದು ಮಗುವಲ್ಲ, ಮಾತಾಡುವವರ ಗರಜು. ಪ್ರಮಾಣಕ್ಕೆ ಮಂತ್ರಾಲಯಂ ರೋಡಿಗೆ ಹೋಗುವ ರೈಲಿನ ಜನರಲ್ ಡಬ್ಬಿ ಸಾಕು. ರೈಲ್ವೆಯ ಸೂತ್ರದ ಪ್ರಕಾರ 5 ತುಂಬದವರಿಗೆ ಟಿಕೆಟ್ಟಿಲ್ಲ, 5ರಿಂದ 12ರೊಳಗಿನವರಿಗೆ ಅರ್ಧ. ಟಿಸಿ ಬಂದು ಹುಡುಗನತ್ತ ಬೆರಳು ತೋರಿಸಿದರೆ ತಾಯಿಯ ಉತ್ತರ ಸಿದ್ಧವಿರುತ್ತದೆ: ‘ಕೂಸು ಸಾರ್, ಇನ್ನಾ ನಾಕು ತುಂಬಿಲ್ಲ.’ ಕೂಸು ಅಷ್ಟರಲ್ಲಿ ಒಂದು ಪೊಟ್ಟಣ ಉಗ್ಗಾಣಿ ಮುಗಿಸಿ ಮೆಣಸಿನಕಾಯಿ ಬಜ್ಜಿಗೆ ಬಾಯಿ ಹಾಕಿದೆ. ನೀರು ಕೇಳಿಲ್ಲ, ಕಣ್ಣೊರೆಸಿಕೊಂಡಿಲ್ಲ. ತಾಯಿ ಎಳೆದು ತೊಡೆಯ ಮೇಲೆ ಕೂರಿಸಿಕೊಂಡರೂ ಕಾಲು ನೆಲಕ್ಕೆ ತಾಗುತ್ತಿದೆ. ಟಿಸಿ ಕಾಲು ನೋಡಿ, ಬಜ್ಜಿ ನೋಡಿ, ಮುಂದಿನ ಸೀಟಿಗೆ ಹೋಗುತ್ತಾರೆ. ಕೋಸಿಗಿ ದಾಟುವಷ್ಟರಲ್ಲಿ ಅದೇ ಕೂಸು ಬಾಗಿಲಲ್ಲಿ ಇಣುಕಿದರೆ ಅದೇ ತಾಯಿ, ‘ಏ ಮುರ್ಕಾ, ಎಮ್ಮೆ ಬೆಳದಂಗ ಬೆಳದೀ, ಬುದ್ಧಿ ಬ್ಯಾಡ?’ ಎನ್ನುತ್ತಾಳೆ. ಎರಡು ವರ್ಗಗಳ ನಡುವಿನ ಅಂತರ ಎರಡು ಸ್ಟೇಷನ್ನು.

ಉಳಿದ ಪದಗಳ ಗತಿಯೂ ಇದೇ. ತೆಲುಗಿನ ಬುಡ್ಡೋಡು ಕುಳ್ಳಗಿರಬೇಕಿಲ್ಲ, ದಖನಿಯ ಪೊಟ್ಟಾ ಚಿಕ್ಕವನಾಗಿರಬೇಕಿಲ್ಲ. ಕರೆಯುವವರು ದೊಡ್ಡವರಾಗಿದ್ದರೆ ಸಾಕು. ತೆಲುಗಿನಲ್ಲಿ ಪಾಪ ಎಂದರೆ ಹೆಣ್ಣುಕೂಸು. ಸಿರುಗುಪ್ಪದಿಂದ ಹೊಸದಾಗಿ ಬಂದ ಸೊಸೆಗೆ ಪಕ್ಕದ ಮನೆಯವರು ‘ನಿಮ್ಮ ಪಾಪ ಎಲ್ಲಿ’ ಎಂದು ಕೇಳಿದರೆ ಆಕೆ ಒಂದು ಗಳಿಗೆ ತನ್ನ ಕರ್ಮದ ಲೆಕ್ಕ ಹಾಕುವುದು ಸಹಜ.

ವ್ಯಾಕರಣದಲ್ಲಿ ಒಂದು ಕಠಿಣ ಸ್ಥಳವಿದೆ. ಕೂಸು ಯಾವುದಾದರೂ ‘ಅದು’. ಇಂಗ್ಲಿಷಿನಲ್ಲೂ ಬೇಬಿಗೆ ‘ಇಟ್’ ಎನ್ನಬಹುದು, ಆದರೆ ಬೆಳೆದಂತೆ ಹೀ, ಶೀ ಆಗಿ ಇಬ್ಬರಿಗೂ ಬಡ್ತಿ ಸಿಗುತ್ತದೆ. ತೆಲುಗಿನಲ್ಲಿ ಏಕವಚನದ ಹೆಣ್ಣಿಗೂ ವಸ್ತುವಿಗೂ ಕ್ರಿಯಾಪದ ಒಂದೇ. ಗಂಡಿಗೆ ಮಾತ್ರ ಬೇರೆ. ಬಡಗಣ ಕನ್ನಡದ ಆಡುಮಾತಿನಲ್ಲೂ ಹುಡುಗಿಗೆ ‘ಅದು ಬಂತು, ಅದು ಹೋತು’ ಎನ್ನುವುದುಂಟು. ಹೀಗಾಗಿ ತೊಟ್ಟಿಲಲ್ಲಿ ಜೊತೆಗೇ ಮಲಗಿದ್ದ ಎರಡು ‘ಅದು’ಗಳಲ್ಲಿ ಒಂದು ಲಂಗೋಟಿ ಕಟ್ಟುವ ಹೊತ್ತಿಗೆ ‘ಅವನು’ ಆಗುತ್ತದೆ, ಇನ್ನೊಂದು ಸೀರೆ ಉಟ್ಟರೂ ‘ಅದು’ ಆಗಿಯೇ ಉಳಿಯುತ್ತದೆ. ವೈಯಾಕರಣರು ಇದನ್ನು ಮಹತ್ತು, ಅಮಹತ್ತು ಎಂದು ಚಂದದ ಸಂಸ್ಕೃತದಲ್ಲಿ ಹೇಳಿ ಮುಂದೆ ಹೋಗಿದ್ದಾರೆ.

ತಮಾಷೆ ಸಾಲದ ವರ್ಗವೂ ಒಂದಿದೆ. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳಂ ಕಡೆಯ ಹಳ್ಳಿಗಳವರು ಹತ್ತಿ ಬಿಡಿಸಲು, ಮೆಣಸಿನಕಾಯಿ ಕೀಳಲು ಗುಂಟೂರು ಸೀಮೆಗೆ ಹೋಗುತ್ತಾರೆ. ಈ ಗುಳೆಗೆ ಆದೋನಿ ಕಡೆಯ ತೆಲುಗಿನಲ್ಲಿ ‘ಸುಗ್ಗಿ’ ಎನ್ನುತ್ತಾರೆ. ನಮ್ಮ ಸುಗ್ಗಿಯೇ, ಬೇರೆಯವರ ಹೊಲದ್ದು. ಹತ್ತಿ ಬಿಡಿಸುವ ಕೂಲಿ ಕಿಲೋ ಲೆಕ್ಕ, ತಕ್ಕಡಿ ವಯಸ್ಸು ಕೇಳುವುದಿಲ್ಲ. ರೈಲಿನಲ್ಲಿ ನಾಲ್ಕು ತುಂಬದ ಕೂಸು ಸಾಲಿನಲ್ಲಿ ‘ಕೈಗೆ ಬಂದ ಹುಡುಗ’. 14 ತುಂಬದವರನ್ನು ದುಡಿಸಬಾರದು ಎನ್ನುತ್ತದೆ ಒಂದು ಕಾಯ್ದೆ. 6ರಿಂದ 14ರವರು ಶಾಲೆಯಲ್ಲಿರಬೇಕು ಎನ್ನುತ್ತದೆ 2009ರ ಇನ್ನೊಂದು. ಗುಳೆ ಹೋದವರ ಮಕ್ಕಳಿಗೆಂದು ಋತುಮಾನದ ವಸತಿ ನಿಲಯಗಳೂ ಇವೆ. ಇವೆಲ್ಲದರ ಕಣ್ಣು ತಪ್ಪಿಸಿಕೊಳ್ಳುವವಳು ಒಬ್ಬಳು: ಹೊಲದ ಬದುವಿನಲ್ಲಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ನಿಂತ ಏಳರ ಹುಡುಗಿ. ಅವಳು ಹತ್ತಿ ಬಿಡಿಸುತ್ತಿಲ್ಲವಾದ್ದರಿಂದ ಕೂಲಿಯಲ್ಲ, ಶಾಲೆಗೆ ಹೋಗಿಲ್ಲವಾದ್ದರಿಂದ ವಿದ್ಯಾರ್ಥಿಯಲ್ಲ, ತಾಯಿಯ ಲೆಕ್ಕದಲ್ಲಿ ಮಗುವೂ ಅಲ್ಲ; ಮಗು ಸೊಂಟದ ಮೇಲಿದೆ. ಅವಳಿಗೆ ಪದ ಕೊಡದ ನಾಲ್ಕು ಭಾಷೆಗಳ ಪಾಂಡಿತ್ಯದ ಬಗ್ಗೆ ಶಾಸ್ತ್ರಕಾರನಿಗೆ ಗೌರವ ಕಡಿಮೆಯಾಗಿದೆ.

ವಿಪರ್ಯಯ ಪ್ರಕರಣವೆಂದರೆ ಕಿರಿಯರನ್ನು ಹಿರಿಯರ ಹೆಸರಿನಿಂದ ಕರೆಯುವುದು. ಹಲ್ಲು ಬಾರದ್ದಕ್ಕೆ ‘ಬಾ ನಮ್ಮಪ್ಪ’, ಜಡೆ ಹಾಕಲು ಕೂದಲಿಲ್ಲದ್ದಕ್ಕೆ ‘ಯವ್ವಾ, ನನ್ನ ತಾಯಿ’. ತೆಲುಗಿನ ಅಪ್ಪ ಮಗನಿಗೇ ‘ನಾನ್ನಾ’ ಎನ್ನುತ್ತಾನೆ. ಸಾವಿನ ಕಣ್ಣಿಗೆ ಮಣ್ಣೆರಚುವ ಹೆಸರುಗಳು ಇನ್ನೂ ಸೊಗಸು. ಹುಟ್ಟಿದ್ದು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಗೆ ಹಾಕಿ ಎತ್ತಿಕೊಂಡರೆ ಕನ್ನಡದಲ್ಲಿ ತಿಪ್ಪಣ್ಣ, ತೆಲುಗಿನಲ್ಲಿ ಪೆಂಟಯ್ಯ. ತಿಪ್ಪೆ ಎರಡೂ ಭಾಷೆಗೆ ಸಮನಾಗಿ ಸಂದಿದೆ. ಉರುಕುಂದದ ದೇವರಿಗೆ ಹರಕೆ ಹೊತ್ತರೆ ಈರಣ್ಣ, ದರ್ಗಾಕ್ಕೆ ಹೊತ್ತರೆ ಫಕೀರಪ್ಪ.

ಕೊನೆಗೆ ಇಂಗ್ಲಿಷಿನ ಪಾಲು. ಈಗ ಕೂಸು ಕಣ್ಣು ಬಿಡುವ ಮೊದಲೇ ಆಸ್ಪತ್ರೆಯವರು ಕೈಗೆ ಪಟ್ಟಿ ಕಟ್ಟುತ್ತಾರೆ: ಬಿ ಬಾರ್ ಓ, ಮುಂದೆ ತಾಯಿಯ ಹೆಸರು. ಬೇಬಿ ಆಫ್ ಇಂಥವಳು. ಇಂಗ್ಲೆಂಡಿನ ಆ ಕಾಯ್ದೆ ಬಂದ ಅದೇ 1969ರಲ್ಲಿ ಆದ ನಮ್ಮ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಹೆಸರಿಲ್ಲದೆಯೂ ಜನನ ಬರೆಸಬಹುದು. 12 ತಿಂಗಳೊಳಗೆ ಹೆಸರು ಸೇರಿಸಿದರೆ ದುಡ್ಡಿಲ್ಲ, ಶುಲ್ಕ ಕಟ್ಟಿದರೆ 15 ವರ್ಷದವರೆಗೂ ನಡೆಯುತ್ತದೆ. ಓಣಿಗೆ ಅಷ್ಟು ತಾಳ್ಮೆಯಿಲ್ಲ. ಹೆಸರು ಅಂಕಣಕ್ಕೆ ಬೀಳುವ ಮೊದಲೇ ಯಾರೋ ಬುಡ್ಡೋಡು ಎಂದಿರುತ್ತಾರೆ, ಅದು ಅಂಟಿರುತ್ತದೆ. ಮಾರ್ಕೆಟ್ ಯಾರ್ಡಿಗೆ ಹತ್ತಿ ತಂದ, ಮೊಮ್ಮಕ್ಕಳನ್ನು ಕಂಡ ಬುಡ್ಡೋಡಿಗೆ ಚೀಟಿ ಬರೆಯುವಾಗ ಗುಮಾಸ್ತ ಆಧಾರ್ ಕೇಳುತ್ತಾನೆ. ಅದರಲ್ಲಿರುವ ಹೆಸರನ್ನು ಕೂಗಿದರೆ ಚೀಲದ ಮೇಲೆ ಕೂತ ಬುಡ್ಡೋಡು ತಿರುಗಿಯೂ ನೋಡುವುದಿಲ್ಲ.