ಮೇಜಿನ ಕೆಳಗೂ ಒಮ್ಮೆ ಬಗ್ಗಿ ನೋಡು

ಪ್ರಿಯ ತಮ್ಮ,

ಹೋದ ವಾರ ನನ್ನ ಅಂಗಡಿಗೆ ಬಂದು ಮೊಬೈಲ್ ಮುಂದೆ ಹಿಡಿದೆಯಲ್ಲ, ಅದರಲ್ಲಿದ್ದದ್ದು ಯಾರೋ ಕಳಿಸಿದ ಪರದೆಯ ಚಿತ್ರ: ಪ್ರೊಸೆಸರಿನ ವೇಗ 7 ಗಿಗಾಹರ್ಟ್ಸ್. "ಬರೀ ಫ್ಯಾನ್ ಮೇಲೇ ಓಡಿಸಿದಾರಂತೆ ಅಣ್ಣಾ, ನಂಬಬಹುದಾ?" ಅಂದೆ. ಕೈಯಲ್ಲಿ ಕೆಲಸವಿತ್ತು, "ನಂಬಬೇಡ" ಅಂದುಬಿಟ್ಟೆ. ನಿನ್ನ ಮುಖ ಸಪ್ಪಗಾಯಿತು. ಕಾರಣ ಹೇಳದೆ ಕಳಿಸಿದ್ದು ನನ್ನ ತಪ್ಪು. ಇದೇ ಪ್ರಶ್ನೆ ಹಿಡಿದು ಬರುವ ಹುಡುಗರು ಇನ್ನೂ ಇದ್ದಾರೆ, ಅದಕ್ಕೇ ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ.

ದೊಡ್ಡ ಜಿಗಿತಗಳೆಲ್ಲ ಸುಳ್ಳಲ್ಲ. 1998ರ ಸೆಲೆರಾನ್ 300ಎ ಚಿಪ್ಪು ನೆನಪಿದೆ. ಮದರ್‌ಬೋರ್ಡಿನಲ್ಲಿ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300ರ ಚಿಪ್ಪು 450ರಲ್ಲಿ ಓಡುತ್ತಿತ್ತು, ಅದೂ ಸಾದಾ ಫ್ಯಾನಿನಲ್ಲಿ. ಒಂದೂವರೆ ಪಟ್ಟು! ಅಷ್ಟು ತಾಳುವ ತಾಕತ್ತು ಆ ಚಿಪ್ಪಿನೊಳಗೆ ಮೊದಲೇ ಇತ್ತು. ಈಗಿನ ಚಿಪ್ಪುಗಳಲ್ಲಿ ಆ ತಾಕತ್ತಿನ ಬಹುಪಾಲನ್ನು ಕಂಪನಿಯೇ ಹಿಂಡಿ ಕೊಟ್ಟಿರುತ್ತದೆ.

ಇನ್ನು ಬಿಸಿಯ ಲೆಕ್ಕ. ವೇಗ ಏರಿಸಬೇಕಾದರೆ ವೋಲ್ಟೇಜೂ ಏರಿಸಬೇಕು. ವೇಗ ಏರಿದಷ್ಟೇ ವಿದ್ಯುತ್ತಿನ ಖರ್ಚೂ ಏರುತ್ತದೆ, ವೋಲ್ಟೇಜಿಗಾದರೆ ಅದರ ವರ್ಗದಷ್ಟು. 5 ಗಿಗಾಹರ್ಟ್ಸನ್ನು 7ಕ್ಕೂ, 1.2 ವೋಲ್ಟನ್ನು 1.5ಕ್ಕೂ ಒಯ್ದು ಕಾಗದದ ಮೇಲೆ ಗುಣಿಸಿ ನೋಡು: ಖರ್ಚು ಎರಡು ಪಟ್ಟು ದಾಟುತ್ತದೆ, ಅದೆಲ್ಲ ಬಿಸಿಯಾಗಿಯೇ ಹೊರಬರುತ್ತದೆ. ಉಗುರಿನಗಲದ ಜಾಗದಲ್ಲಿ ಹುಟ್ಟುವ ಅಷ್ಟು ಬಿಸಿಯನ್ನು ಫ್ಯಾನು ಎಲ್ಲಿಗೆ ಸಾಗಿಸಬೇಕು?

ಬಿಸಿ ಎಲ್ಲಿ ಹೋಗುತ್ತಿದೆ ಎಂದು ಹುಡುಕಿದವರು ಒಮ್ಮೆ ತೈಪೆಯಲ್ಲಿ ಮೇಜಿನ ಕೆಳಗೆ ಬಗ್ಗಿದ್ದರು. 2018ರ ಕಂಪ್ಯೂಟೆಕ್ಸ್ ಮೇಳದಲ್ಲಿ ಇಂಟೆಲ್ 28 ಕೋರಿನ ಪ್ರೊಸೆಸರನ್ನು 5 ಗಿಗಾಹರ್ಟ್ಸ್‌ನಲ್ಲಿ ಓಡಿಸಿ ತೋರಿಸಿತು. ಸಭೆ ಬೆರಗಾಯಿತು. ಆಮೇಲೆ ಪತ್ರಕರ್ತರ ಕಣ್ಣಿಗೆ ದಪ್ಪ ಕವಚ ಸುತ್ತಿದ ಕೊಳವೆಗಳು ಬಿದ್ದವು. ಅವುಗಳ ಜಾಡು ಹಿಡಿದರೆ ಮೇಜಿನ ಅಡಿಯಲ್ಲಿ ಒಂದು ಅಶ್ವಶಕ್ತಿಯ ಚಿಲ್ಲರ್, ನೀರನ್ನು ತಣ್ಣಗೆ ಕೊರೆಯುವಂತೆ ಮಾಡುವ ಯಂತ್ರ. ಅದು ಓವರ್‌ಕ್ಲಾಕ್ (ನಿಗದಿಗಿಂತ ಹೆಚ್ಚು ಏರಿಸಿದ ವೇಗ) ಎಂದು ವೇದಿಕೆಯಲ್ಲಿ ಹೇಳಲು ಮರೆತೆವು ಎಂದು ಕಂಪನಿ ಒಪ್ಪಿಕೊಂಡಿತು. ಮುಂದೆ ಮಾರುಕಟ್ಟೆಗೆ ಬಂದ 28 ಕೋರಿನ ಜಿಯಾನ್ ಡಬ್ಲ್ಯು-3175ಎಕ್ಸ್‌ನ ಟರ್ಬೊ ವೇಗ 4.3 ಗಿಗಾಹರ್ಟ್ಸ್. ಆ 5 ಗಿಗಾಹರ್ಟ್ಸ್ ಸುಳ್ಳಲ್ಲ, ಆದರೆ ನಿನ್ನ ಮನೆಯ ಮೇಜಿಗೆ ಬರುವಂಥದ್ದಾಗಿರಲಿಲ್ಲ.

ನಿಜವಾದ ದಾಖಲೆಗಾರರು ಏನನ್ನೂ ಮುಚ್ಚಿಡುವುದಿಲ್ಲ. ನನಗೆ ಅವರ ಮೇಲೆ ಗೌರವ ಅದಕ್ಕೇ. 2011ರಲ್ಲಿ ಎಎಂಡಿ ಎಫ್‌ಎಕ್ಸ್-8150 ಚಿಪ್ಪು 8.429 ಗಿಗಾಹರ್ಟ್ಸ್ ಮುಟ್ಟಿ ಗಿನ್ನೆಸ್ ದಾಖಲೆಯಾಯಿತು. ಎಂಟು ಕೋರುಗಳಲ್ಲಿ ಎರಡೇ ಎಚ್ಚರವಿದ್ದವು, ತಂಪಿಗೆ ದ್ರವ ಹೀಲಿಯಂ. ಈಚೆಗೆ 9 ದಾಟಿದ ಇಂಟೆಲ್ ಚಿಪ್ಪುಗಳಿಗೂ ಸುರಿದದ್ದು ಅದನ್ನೇ. ಹೀಲಿಯಂ ಕುದಿಯುವುದು ಸೊನ್ನೆಗಿಂತ 269 ಡಿಗ್ರಿ ಕೆಳಗೆ. ಅಂಥ ಓಟ ಎಷ್ಟೋ ಸಲ ಪರದೆಯ ಅಂಕಿ ದಾಖಲಾಗುವಷ್ಟು ಹೊತ್ತು ನಿಂತರೆ ಸಾಕು. ಆಟವಾಡಲು, ವಿಡಿಯೋ ಎಡಿಟ್ ಮಾಡಲು ಅಲ್ಲ.

ಅಂಕಿ ತೋರಿಸುವ ಗಡಿಯಾರವೂ ತಪ್ಪಬಹುದು, ತಮ್ಮ. 2013ರಲ್ಲಿ, ವಿಂಡೋಸ್ 8ರಲ್ಲಿ ನಡೆಸಿದ ವೇಗದ ಪರೀಕ್ಷೆಗಳ ಅಂಕಗಳನ್ನು ಇಂಥ ದಾಖಲೆಗಳ ಜಾಲತಾಣವಾದ ಎಚ್‌ಡಬ್ಲ್ಯುಬಾಟ್ ದಾಖಲೆಗೆ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಯಂತ್ರ ಓಡುತ್ತಿರುವಾಗಲೇ ಮೂಲ ವೇಗವನ್ನು ಶೇ. 6ರಷ್ಟು ಇಳಿಸಿದರೆ ಗಡಿಯಾರ 5 ನಿಮಿಷಕ್ಕೆ 18 ಸೆಕೆಂಡು ಹಿಂದೆ ಬೀಳುತ್ತಿತ್ತು. ಕೆಲಸ ನಿಧಾನವಾದರೂ ಗಡಿಯಾರದ ಪ್ರಕಾರ ಸಮಯ ಉಳಿದಂತೆ! ಅದಕ್ಕೇ ಪರದೆಯ ಚಿತ್ರವೊಂದನ್ನೇ ನಾನು ಸಾಕ್ಷಿ ಎಂದು ಒಪ್ಪುವುದಿಲ್ಲ. ಪಕ್ಕದಲ್ಲಿ ಕೈಗಡಿಯಾರ ಇಟ್ಟು ಓಡಿಸಲಿ.

ಆ ಚಿತ್ರ ಕಳಿಸಿದವರನ್ನು ಕೇಳು: ಎಷ್ಟು ಕೋರು ಓಡುತ್ತಿದ್ದವು, ಎಷ್ಟು ವೋಲ್ಟು, ಎಷ್ಟು ಹೊತ್ತು? ಉತ್ತರ ಕೊಟ್ಟರೆ ಅವರನ್ನೇ ಯಂತ್ರದ ಸಮೇತ ಅಂಗಡಿಗೆ ಕರೆದುಕೊಂಡು ಬಾ. ಫ್ಯಾನಿನಲ್ಲಿ 7 ಓಡುವುದಾದರೆ ನೋಡಲು ನನಗೂ ಆಸೆಯಿದೆ. ಅವತ್ತು ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ.

ಇಂತಿ,
ನಿನ್ನ ಅಂಗಡಿ ಅಣ್ಣ