ಮ್ಯೂನಿಕ್‌ಗೆ ಹೊರಟ ಕೊಬ್ಬರಿ

ಅಕ್ಟೋಬರಿನಲ್ಲಿ ನಾಲ್ಕು ದಿನ ರಜೆ ಹಾಕಿ, ಮ್ಯೂನಿಕ್‌ನಲ್ಲಿ ಎಂ.ಎಸ್. ಓದುತ್ತಿರುವ ಗೆಳೆಯನನ್ನು ನೋಡಿಬರಲು ಹೊರಡುವ ಬೆಂಗಳೂರಿನ ಹುಡುಗನಿಗೆ ತಾನೊಬ್ಬ ಪ್ರವಾಸಿ ಎಂಬ ಭ್ರಮೆ ಇರುತ್ತದೆ. ಷೆಂಗೆನ್ ವೀಸಾ ಅವನ ಹೆಸರಿಗಿದೆ, ಅದಕ್ಕೆ ಬೇಕಾದ 30,000 ಯೂರೋ ವಿಮೆಯೂ ಅವನ ಹೆಸರಿಗೇ ಇದೆ. 2023ರ ನವೆಂಬರಿನಿಂದ ನೇರ ವಿಮಾನ ಇರುವುದರಿಂದ ನಡುವೆ ಎಲ್ಲೋ ಇಳಿದು ಹತ್ತುವ ತಾಪತ್ರಯವೂ ಇಲ್ಲ. ಎಂಗ್ಲಿಷರ್ ಗಾರ್ಟನ್ ಉದ್ಯಾನದಲ್ಲಿ ಹಳದಿ ಎಲೆ ಉದುರುವುದನ್ನು ನೋಡಬೇಕು, ಗೆಳೆಯನ ರೂಮಿನಲ್ಲಿ ಬಿದ್ದುಕೊಂಡು ಹರಟಬೇಕು ಎಂದೆಲ್ಲ ಅವನ ಲೆಕ್ಕ. ಗೆಳೆಯನ ಅಮ್ಮನಿಗೆ ಸುದ್ದಿ ಮುಟ್ಟಿದ ಸಂಜೆಯೇ ಅದು ತಲೆಕೆಳಗಾಗುತ್ತದೆ. "ಒಂದೇ ಒಂದು ಚಿಕ್ಕ ಪೊಟ್ಟಣ ಕಣಪ್ಪಾ, ಭಾರವೇನಿಲ್ಲ" ಎನ್ನುತ್ತಾರೆ ಆಕೆ. ನನ್ನ ವಾದ ಇಷ್ಟೆ: ಆ ಪೊಟ್ಟಣಕ್ಕೆ ಹೂಂ ಅಂದ ಗಳಿಗೆಯಿಂದ ಅದು ಪ್ರವಾಸವಲ್ಲ, ತಪಾಸಣೆ. ನಿಜವಾಗಿ ಹೋಗುತ್ತಿರುವವರು ಅಮ್ಮ. ಹುಡುಗ ಅವರ ಪರವಾಗಿ ಪಾಸ್‌ಪೋರ್ಟ್ ತೋರಿಸುತ್ತಾನೆ, ಅಷ್ಟೆ.

ಚಿಕ್ಕ ಪೊಟ್ಟಣ ಬರುವುದು ಆಟೋದಲ್ಲಿ. ಸಾರಿನ ಪುಡಿ, ಹುಳಿಪುಡಿ, ಪುಳಿಯೋಗರೆ ಗೊಜ್ಜು, ಅರಳು ಸಂಡಿಗೆ, ಹಪ್ಪಳ, ಕೋಡುಬಳೆ, ದಸರೆಯ ಬೊಂಬೆ ಬಾಗಿನ. 23 ಕಿಲೋದ ಪೆಟ್ಟಿಗೆಯಲ್ಲಿ ಹುಡುಗನ ಪಾಲಿಗೆ ಉಳಿಯುವುದು ಒಂದು ಸ್ವೆಟರು, ಎರಡು ಬನಿಯನ್ನು. "ನಮ್ಮ ಹುಡುಗ ಏನು ಲಾರಿ ಆಫೀಸಾ?" ಎಂದು ಹುಡುಗನ ತಾಯಿ ಅಡುಗೆಮನೆಯಲ್ಲಿ ಗುಡುಗುತ್ತಾರೆ, ಅದೇ ಬಾಯಲ್ಲಿ ಫೋನೆತ್ತಿ "ಅಯ್ಯೋ ಬಿಡಿ, ಜಾಗ ಬೇಕಾದಷ್ಟಿದೆ" ಎನ್ನುತ್ತಾರೆ. ಅಪ್ಪ ಪೆಟ್ಟಿಗೆಯನ್ನು ಅಪ್ಪಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಬಂದ ಅಂಕಿಯಿಂದ ತಮ್ಮ ತೂಕ ಕಳೆಯುತ್ತಾರೆ. ವೈದ್ಯರಿಗೂ ಹೇಳದ ಆ ತೂಕ ಮನೆಮಂದಿಗೆಲ್ಲ ಗೊತ್ತಾಗುವುದು ಹೀಗೆ. ಲೆಕ್ಕ ಸರಿಹೋಗದೆ ಎಲ್ಲ ಹೊರಗೆ ತೆಗೆದಾಗ, ತಳದಲ್ಲಿ ಸೀರೆಯ ತುಂಡಿನಲ್ಲಿ ಸುತ್ತಿದ ತಿಪಟೂರು ಕೊಬ್ಬರಿ ಸಿಗುತ್ತದೆ.

ಜಗಳ ಅಲ್ಲಿಂದ ಅಂತರರಾಷ್ಟ್ರೀಯ ಮಟ್ಟಕ್ಕೇರುತ್ತದೆ. ಏಕೆಂದರೆ ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಕೊಬ್ಬರಿಗೆ 1363 ಎಂಬ ಸಂಖ್ಯೆಯಿದೆ, 4.2 ಎಂಬ ವರ್ಗವಿದೆ. ತಾನಾಗಿಯೇ ಹೊತ್ತಿಕೊಳ್ಳಬಲ್ಲ ವಸ್ತುಗಳ ವರ್ಗ ಅದು. ಬಾಂಬಿಗೆ ತುಂಬುವ ಬಿಳಿ ರಂಜಕವೂ ಅಲ್ಲೇ ಇದೆ. ನಮ್ಮ ವಿಮಾನ ನಿಲ್ದಾಣಗಳಲ್ಲಿ ಒಣಕೊಬ್ಬರಿ ಪೆಟ್ಟಿಗೆಯಿಂದ ಹೊರಬೀಳುವುದು ಇದೇ ಕಾರಣಕ್ಕೆ. ಇದನ್ನು ಅಜ್ಜಿಗೆ ಹೇಳಿ ನೋಡಿ. ಮದುವೆಯಾಗಿ ಬಂದಾಗಿನಿಂದ ಅಟ್ಟದ ಮೇಲೆ ಕೊಬ್ಬರಿ ಇದೆ, ಒಂದು ದಿನ ಹೊಗೆ ಕೂಡ ಬಂದಿಲ್ಲ ಎನ್ನುತ್ತಾರೆ. ವಿಜ್ಞಾನದ ಪರವಾಗಿಯೂ ಮಾತಿದೆ: ಕೊಬ್ಬರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ, ಸರಿಯಾಗಿ ಒಣಗದೆ ಹಡಗಿನಲ್ಲಿ ರಾಶಿ ಬಿದ್ದರೆ ಒಳಗೊಳಗೇ ಕಾವೇರುತ್ತದೆ. ಆದರೆ ನಾಲ್ಕು ಬಟ್ಟಲಿಗೂ ಹಡಗಿನ ರಾಶಿಗೂ ಒಂದೇ ಕಾನೂನು ಏಕೆ ಎಂದು ಅಪ್ಪ ಕೇಳುತ್ತಾರೆ. ತುರಿದುಬಿಟ್ಟರೆ? ಚಟ್ನಿಪುಡಿಗೆ ಬೆರೆಸಿದರೆ? ಬೆಲ್ಲ ಹಾಕಿ ಮಿಠಾಯಿ ಮಾಡಿದರೆ ವರ್ಗ ಬದಲಾಗುತ್ತದೆಯೇ? ವಾದಕ್ಕೆ ವಾದ ಬೆಳೆದು ಕೊನೆಯ ಮಾತು ಅಜ್ಜಿಯದೇ ಆಗುತ್ತದೆ: ಹಾಗಿದ್ದರೆ ಸಂಕ್ರಾಂತಿಯ ದಿನ ಪುಟ್ಟ ಹುಡುಗಿಯರೆಲ್ಲ ರೇಷ್ಮೆ ಲಂಗ ಉಟ್ಟುಕೊಂಡು ಮನೆಮನೆಗೆ ಹಂಚುವುದು ಮದ್ದುಗುಂಡೇ? ಇದಕ್ಕೆ ವಿಶ್ವಸಂಸ್ಥೆಯಲ್ಲಿ ಉತ್ತರವಿಲ್ಲ.

ಯುರೋಪಿನ ಹೊಸ್ತಿಲಲ್ಲಿ ಮಡಿ ಇನ್ನೂ ಬಿಗಿ. ಹಾಲಿನ ಪದಾರ್ಥ ಭಾರತದಿಂದ ತರುವಂತಿಲ್ಲ. ತುಪ್ಪ ಹೋಯಿತು, ಮಜ್ಜಿಗೆ ಮೆಣಸಿನಕಾಯಿಯ ಗತಿ? "ಮಜ್ಜಿಗೆ ಬಿಸಿಲಿಗೆ ಆರಿಹೋಗಿದೆ, ಈಗ ಬರೀ ಮೆಣಸಿನಕಾಯಿ" ಎಂಬುದು ಅಮ್ಮನ ತೀರ್ಪು. ಕರಿಬೇವಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಪತ್ರವಿಲ್ಲದೆ ಒಳಗೆ ಬಿಡುವ ಹಣ್ಣು ಐದೇ: ಬಾಳೆ, ತೆಂಗು, ಅನಾನಸು, ಖರ್ಜೂರ, ಡ್ಯೂರಿಯನ್. ಮೊದಲೆರಡನ್ನು ನೋಡಿದರೆ ಬ್ರಸೆಲ್ಸ್‌ನವರು ಯಾರೋ ಅರ್ಚಕರನ್ನು ಕೇಳಿಯೇ ಪಟ್ಟಿ ಮಾಡಿದ್ದಾರೆ ಎನಿಸುತ್ತದೆ.

ಇಷ್ಟೆಲ್ಲ ಏಕೆ, ಅಲ್ಲಿ ಎಲ್ಲವೂ ಸಿಗುತ್ತದಲ್ಲ ಎಂಬುದು ಬುದ್ಧಿವಂತರ ಆಕ್ಷೇಪ. ಸಿಗುತ್ತದೆ, ನಿಜ. ಮ್ಯೂನಿಕ್‌ನ ಭಾರತೀಯ ಅಂಗಡಿಗಳಲ್ಲಿ ತೊಗರಿಬೇಳೆಗೆ ಬರವಿಲ್ಲ. ಆದರೆ ಭಾನುವಾರ ಅಲ್ಲಿ ಅಂಗಡಿ ಮುಚ್ಚಿರುತ್ತದೆ, ಅಕ್ಟೋಬರ್ 3ರ ಜರ್ಮನ್ ಏಕೀಕರಣ ದಿನವೂ ಮುಚ್ಚಿರುತ್ತದೆ. ಅಂಥ ದಿನ ಬಂದಿಳಿದ ಹುಡುಗನ ಎದುರು ಗೆಳೆಯನ ಮಾನ ಕಾಯುವುದು ಅನ್ನದ ಮೇಲಿನ ಚಟ್ನಿಪುಡಿಯೇ. ಇನ್ನೊಂದು ಆಕ್ಷೇಪ, ಗೆಳೆಯ ದೊಡ್ಡವನಾಗಿದ್ದಾನೆ ಎಂಬುದು. ವಿದ್ಯಾರ್ಥಿ ವೀಸಾಕ್ಕೆಂದು ಬ್ಲಾಕ್ಡ್ ಅಕೌಂಟಿನಲ್ಲಿಟ್ಟ 11,904 ಯೂರೋದಿಂದ ತಿಂಗಳಿಗೆ 992ರಂತೆ ತೆಗೆದು ವರ್ಷ ದೂಡುವವನು ದೊಡ್ಡವನೇ ಸರಿ. ಬೆಂಗಳೂರಿನಲ್ಲಿ ಕುಡಿದ ಲೋಟ ಎತ್ತದಿದ್ದವನು ಅಲ್ಲಿ 8 ಸೆಂಟಿನ ಠೇವಣಿಗಾಗಿ ಖಾಲಿ ಬಿಯರ್ ಬಾಟಲಿ ಜೋಡಿಸಿಡುತ್ತಾನೆ, ಅಮ್ಮನ ವಿಡಿಯೋ ಕರೆ ಬಂದರೆ ಅವನ್ನು ಪರದೆಯ ಹಿಂದಕ್ಕೆ ತಳ್ಳುತ್ತಾನೆ. ಅಕ್ಟೋಬರಿನ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ಹೋಗಿ ಅಂತರ ನಾಲ್ಕೂವರೆ ಗಂಟೆಯಾದಾಗ, "ಊಟ ಆಯ್ತಮ್ಮ" ಎಂಬ ಸುಳ್ಳನ್ನು ಒಂದು ಗಂಟೆ ಮೊದಲೇ ಹೇಳಬೇಕಾಗುತ್ತದೆ.

ತಪಾಸಣೆ ಬೇಕಾಗುವುದು ಇಂಥವನಿಗೇ. ವಿಡಿಯೋ ಕರೆಯಲ್ಲಿ ಮಗ ಕತ್ತಿನಿಂದ ಮೇಲೆ ಮಾತ್ರ ಕಾಣುತ್ತಾನೆ. ಪೂರ್ತಿ ಮಗನನ್ನು ಕಣ್ಣಾರೆ ಕಂಡುಬಂದ ಒಬ್ಬ ಸಾಕ್ಷಿ ಅಮ್ಮನಿಗೆ ಬೇಕು. ಕೋಡುಬಳೆ ಅದಕ್ಕೆ ಕೊಡುವ ಫೀಸು. ಹುಡುಗ ಮರಳಿ ಬಂದು "ದಪ್ಪ ಆಗಿದ್ದಾನೆ ಆಂಟಿ" ಎಂದು ಗೆಳೆತನ ಉಳಿಸಿಕೊಳ್ಳುತ್ತಾನೆ. ಆಕೆ ನಂಬುವುದಿಲ್ಲ. ಹೆಸರು ಕೊರೆಸಿದ ಸ್ಟೀಲ್ ಡಬ್ಬಿ ವಾಪಸು ಬಂದಿದೆಯಲ್ಲ, ಅದನ್ನು ತೆರೆದು ಮೂಸುತ್ತಾರೆ. ಡಬ್ಬಿ ತೊಳೆದಿದ್ದರೆ ಮಗನಿಗೆ ಜವಾಬ್ದಾರಿ ಬಂದಿದೆ. ಮುಚ್ಚಳದಲ್ಲಿ ಪುಡಿ ಅಂಟಿದ್ದರೆ ಸದ್ಯ, ಇನ್ನೂ ತಮ್ಮ ಮಗನೇ. ಎರಡಕ್ಕೂ ಕಣ್ಣು ಒದ್ದೆಯಾಗುತ್ತದೆ, ಎರಡಕ್ಕೂ ಬೈಗುಳ ಒಂದೇ.

ಆದ್ದರಿಂದ ಬರುವ ಅಕ್ಟೋಬರಿಗೆ ಟಿಕೆಟ್ ಮಾಡಿಸುವವರಲ್ಲಿ ನನ್ನ ವಿನಂತಿ: ಗೆಳೆಯನ ಮನೆಗೆ ತಿಳಿಸದೆ ಕದ್ದು ಹೊರಡಬೇಡಿ. ಪೆಟ್ಟಿಗೆಯಲ್ಲಿ ಅರ್ಧ ಅವರಿಗೆ ಬಿಟ್ಟುಬಿಡಿ, ಡಬ್ಬಿ ತಪ್ಪದೆ ವಾಪಸು ತನ್ನಿ, ಬಾಟಲಿಯ ಸುದ್ದಿ ಎತ್ತಬೇಡಿ. ಕೊಬ್ಬರಿಯನ್ನು ಮಾತ್ರ ಹೊರಡುವ ಮುನ್ನ ಮನೆಯಲ್ಲೇ ತಿಂದು ಮುಗಿಸಿ.